ಉತಾರೆ ಇಲ್ಲದ ಮನೆ



ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಕಡೆಯ ನಮ್ಮ ಹಳ್ಳಿಗಳಿಂದ ದುಡಿಯಲು ಹೋದ ಮಕ್ಕಳು ಮುಂಬಯಿ, ಪುಣೆಗಳಲ್ಲಿ ನೆಲೆಸಿದ್ದಾರೆ. ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿ ಒಂದು ದಿನ ಊರಿಗೆ ಸುದ್ದಿ ಕಳಿಸುತ್ತಾರೆ: "ಅಪ್ಪಾ, ಸೊಸೈಟಿಯಲ್ಲಿ ಒಂದು ವನ್ ರೂಮ್ ಕಿಚನ್ ಮಾರಾಟಕ್ಕೆ ಬಂದಿದೆ. ಒಂದೇ ಖೋಲಿ, ಅಡಿಗೆಯ ಜಾಗ, ಬಚ್ಚಲು. ನಮಗೆ ಸಾಕು." ಅಪ್ಪ ಹೊಲ ಮಾರಲು ಗಿರಾಕಿ ಹುಡುಕುತ್ತಾನೆ. ತಲೆಮಾರಿನ ಹೊಲ ಕೊಟ್ಟು ಒಂದು ಖೋಲಿ ತೆಗೆದುಕೊಳ್ಳುವ ಮುಂಚೆ ಆ ಖೋಲಿ ಎಂಥ ಆಸ್ತಿ ಎಂದು ತಿಳಿಯಬೇಡವೇ? ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸಾಲದ ಕಾಗದ ನೋಡುತ್ತ ಬಂದವನು ನಾನು. ಆ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ.

ಹೊಲ ಕೊಂಡರೆ ಖರೀದಿಪತ್ರ ನೋಂದಣಿಯಾಗುತ್ತದೆ, ತಲಾಠಿಯಲ್ಲಿ ಫೇರಫಾರ ಆಗುತ್ತದೆ, ಸಾತ್‌ಬಾರಾ ಉತಾರೆಯಲ್ಲಿ ನಿಮ್ಮ ಹೆಸರು ಏರುತ್ತದೆ. ಸೊಸೈಟಿಯ ಫ್ಲ್ಯಾಟಿಗೆ ನಿಮ್ಮ ಹೆಸರಿನ ಉತಾರೆ ಸಿಗುವುದಿಲ್ಲ. ಅಲ್ಲಿ ನೆಲ ಮತ್ತು ಕಟ್ಟಡ ಸಹಕಾರಿ ಸಂಘದ ಹೆಸರಿನಲ್ಲಿರಬೇಕು. ನೀವು ಆ ಸಂಘದ ಸದಸ್ಯರು, ಶೇರುದಾರರು. ಆ ಶೇರಿನ ಜೊತೆಗೆ ಖೋಲಿಯಲ್ಲಿ ಇರುವ, ಅದನ್ನು ಮಾರುವ, ಮಕ್ಕಳಿಗೆ ಬಿಟ್ಟುಹೋಗುವ ಹಕ್ಕು ಬರುತ್ತದೆ. ಈ ಹಕ್ಕು ಆಸ್ತಿಯೇ ಸರಿ ಎಂದು ಸುಪ್ರೀಂ ಕೋರ್ಟು 1975ರಲ್ಲಿ ಹೇಳಿದೆ.

ಈ ಪದ್ಧತಿ ಮುಂಬಯಿಯಲ್ಲಿ ಬೇರೂರಿದ್ದರಲ್ಲಿ ಕನ್ನಡ ಕರಾವಳಿಯ ನಂಟಿದೆ. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹ ಸಂಘ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಮುಂದಾಳು ರಾವ್ ಬಹದ್ದೂರ್ ಎಸ್. ಎಸ್. ತಲ್ಮಕಿ. ಒಬ್ಬೊಬ್ಬರಿಗೆ ನಿಲುಕದ ಮನೆಯನ್ನು ಹತ್ತು ಮಂದಿ ಕೂಡಿ ಕಟ್ಟಿಕೊಳ್ಳುವುದೇ ಅದರ ತಿರುಳು. ಇಂದು ಇಂಥ ಸಂಘಗಳು 1960ರ ಮಹಾರಾಷ್ಟ್ರ ಸಹಕಾರಿ ಸಂಸ್ಥೆಗಳ ಕಾಯಿದೆಯ ಕೆಳಗೆ ನಡೆಯುತ್ತವೆ.

ಹಾಗಾದರೆ ಉತಾರೆಯ ಬದಲು ಏನು ನೋಡಬೇಕು? ಮೊದಲನೆಯದು ಶೇರು ಸರ್ಟಿಫಿಕೇಟು, ಮರಾಠಿಯಲ್ಲಿ ಭಾಗ ಪ್ರಮಾಣಪತ್ರ. ಅದರಲ್ಲಿ ಬರೆದಿರುವ ಮೊತ್ತ ಕೆಲವೇ ನೂರು ರೂಪಾಯಿ. ಅದನ್ನು ಕಂಡು ಹಗುರಾಗಿ ತಿಳಿಯಬೇಡಿ. ಅದರ ಬೆನ್ನಿಗೆ, ಯಾರಿಂದ ಯಾರಿಗೆ ವರ್ಗವಾಯಿತು ಎಂದು ಸಂಘದ ಸಹಿ-ಶಿಕ್ಕೆಯೊಡನೆ ಬರೆದಿರುತ್ತದೆ. ಕೊನೆಯ ಹೆಸರು ನಿಮಗೆ ಮಾರುವವನದೇ ಇರಬೇಕು. ಎರಡನೆಯದು ಕರಾರುಪತ್ರಗಳ ಸರಪಳಿ. ಬಿಲ್ಡರನಿಂದ ಮೊದಲ ಮಾಲಕನಿಗೆ, ಅವನಿಂದ ಎರಡನೆಯವನಿಗೆ, ಹೀಗೆ ಒಂದು ಕೊಂಡಿಯೂ ತಪ್ಪಬಾರದು.

ಮಾರುವವನು ಮೂಲ ಕಾಗದ ಬಿಟ್ಟು ಝೆರಾಕ್ಸ್ ತೋರಿಸಿದರೆ, "ಅಸಲು ಎಲ್ಲಿದೆ?" ಎಂದು ಕೇಳಿರಿ. ಹಲವು ಸಲ ಅದು ಬ್ಯಾಂಕಿನಲ್ಲಿ ಅಡವಿರುತ್ತದೆ. ಅಡವಿದ್ದರೆ ಕೊಳ್ಳಲೇಬಾರದೆಂದಿಲ್ಲ. ಬಾಕಿ ಎಷ್ಟೆಂದು ಆ ಬ್ಯಾಂಕಿನಿಂದ ಬರೆಸಿಕೊಂಡು, ನಿಮ್ಮ ಹಣ ನೇರವಾಗಿ ಸಾಲದ ಖಾತೆಗೆ ಹೋಗುವಂತೆ ಮಾಡಿರಿ. ಇದೆಲ್ಲ ಆಗುವ ತನಕ ಸಂಚಕಾರ ಕೊಡಬೇಡಿ.

ಮೂರನೆಯದು ಥಕಬಾಕಿ. ಹಿಂದಿನವನು ಸಂಘಕ್ಕೆ ತುಂಬದ ಹಣಕ್ಕೆ ಆ ಫ್ಲ್ಯಾಟೇ ಜಾಮೀನು. ನೀವು ಒಳಗೆ ಬಂದ ಮೇಲೆ ಅದು ನಿಮ್ಮ ಕೊರಳಿಗೆ ಬೀಳುತ್ತದೆ. ಆದ್ದರಿಂದ ಬಾಕಿ ಇಲ್ಲವೆಂಬ ಪತ್ರವನ್ನು ಸೆಕ್ರೆಟರಿಯಿಂದ ಮೊದಲೇ ಪಡೆಯಬೇಕು. ನಾಲ್ಕನೆಯದು ನೆಲದ ಪ್ರಶ್ನೆ. ಎಷ್ಟೋ ಕಟ್ಟಡಗಳ ನೆಲ ಇನ್ನೂ ಬಿಲ್ಡರನ ಇಲ್ಲವೆ ಹಳೆಯ ಮಾಲಕನ ಹೆಸರಿನಲ್ಲಿದೆ. ಬಿಲ್ಡರ ಬರೆದುಕೊಡದಿದ್ದರೆ ಸರ್ಕಾರದ ಅಧಿಕಾರಿಯ ಮೂಲಕವೇ ಸಂಘದ ಹೆಸರಿಗೆ ಮಾಡಿಸಿಕೊಳ್ಳಲು 2008ರ ತಿದ್ದುಪಡಿ ದಾರಿ ಮಾಡಿತು. ಮರಾಠಿ ಕಾಗದದಲ್ಲಿ 'ಮಾನೀವ ಅಭಿಹಸ್ತಾಂತರಣ' ಎಂದಿರುವುದು ಇದೇ. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ದಿನ ಬಂದಾಗ ಇದರ ಬೆಲೆ ತಿಳಿಯುತ್ತದೆ.

ಅಳತೆಯ ಮಾತಿಗೂ ಎಚ್ಚರವಿರಲಿ. ಜಾಹೀರಾತಿನ ಚದರಡಿಯಲ್ಲಿ ಗೋಡೆ, ಮೆಟ್ಟಿಲು, ಪಡಸಾಲೆಯ ಪಾಲೂ ಸೇರಿರಬಹುದು. "ಕಾರ್ಪೆಟ್ ಎಷ್ಟು?" ಎಂದು ಕೇಳಿ, ಟೇಪು ಹಿಡಿದು ಅಳೆಯಿರಿ. ಸಣ್ಣ ಮನೆಯಲ್ಲಿ ಹತ್ತು ಚದರಡಿ ಹೋದರೂ ಒಂದು ಮಂಚ ಹಾಕುವ ಜಾಗ ಕಿರಿದಾಗುತ್ತದೆ.

ಇಷ್ಟು ಸರಿಯಾದ ಮೇಲೆ ಕರಾರು ಬರೆಸಿ, ಮುದ್ರಾಂಕ ಶುಲ್ಕ ತುಂಬಿ ನೋಂದಣಿ ಮಾಡಿಸಬೇಕು. ಬೆಲೆ ಕಡಿಮೆ ಬರೆಸಿ ಶುಲ್ಕ ಉಳಿಸುತ್ತೇನೆಂದರೆ ನಡೆಯದು. ಕರಾರಿನ ಬೆಲೆ ಮತ್ತು ಸರ್ಕಾರದ ದರ, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ. ಹೆಣ್ಣುಮಕ್ಕಳ ಹೆಸರಿನಲ್ಲಿ ಮನೆ ಕೊಂಡರೆ ನೂರಕ್ಕೆ ಒಂದು ರಿಯಾಯಿತಿ ಕೊಡುವ ನಿಯಮ 2021ರಲ್ಲಿ ಬಂದಿದೆ. ಸೊಸೆಯ ಹೆಸರಿಗೆ ಮಾಡಿಸಲು ಇದೂ ಒಂದು ಕಾರಣವಾಗಲಿ.

ನೋಂದಣಿಯಾಯಿತೆಂದು ಕೈತೊಳೆದು ಕುಳಿತರೆ ಕೆಲಸ ಅರ್ಧ. ಸದಸ್ಯತ್ವಕ್ಕೆ ಅರ್ಜಿ ಕೊಟ್ಟು ಪೋಹೋಚ್ ಪಡೆಯಿರಿ. ಮೂರು ತಿಂಗಳೊಳಗೆ ಸಂಘ ತೀರ್ಮಾನ ತಿಳಿಸಬೇಕು. ಕಾರಣವಿಲ್ಲದೆ ತಡೆದರೆ ಸಹಕಾರ ಇಲಾಖೆಯ ನಿಬಂಧಕರಲ್ಲಿ ದೂರು ಕೊಡಬಹುದು. ವರ್ಗಾವಣೆಯ ಪ್ರೀಮಿಯಂ ಎಂದು ಸಂಘಗಳು ಮನಬಂದಷ್ಟು ಕೇಳುತ್ತಿದ್ದವು. 2001ರ ಸರ್ಕಾರಿ ಸುತ್ತೋಲೆ ಮಹಾನಗರಪಾಲಿಕೆಯ ಹದ್ದಿನಲ್ಲಿ ಅದಕ್ಕೆ 25,000 ರೂಪಾಯಿಯ ಮಿತಿ ಹಾಕಿತು. 'ದೇಣಿಗೆ' ಎಂಬ ಹೆಸರಿನಲ್ಲಿ ಹೆಚ್ಚು ಕೇಳಿದರೆ ಆ ಸುತ್ತೋಲೆಯನ್ನು ಮುಂದಿಡಿ.

ಒಳಗೆ ಹೋದ ಕೂಡಲೇ ನಾಮನಿರ್ದೇಶನದ ಫಾರ್ಮು ತುಂಬಿರಿ. ಆದರೆ ಹೆಸರು ಬರೆಸಿಕೊಂಡ ಮಾತ್ರಕ್ಕೆ ಆತ ಮಾಲಕನಾಗುವುದಿಲ್ಲ. ವಾರಸುದಾರರ ಹಕ್ಕು ಹಾಗೆಯೇ ಉಳಿಯುತ್ತದೆ. ಊರಿನ ಹೊಲದ ಹಣ ಅದರಲ್ಲಿದ್ದರೆ, ಅಣ್ಣತಮ್ಮಂದಿರಲ್ಲಿ ಯಾರ ಪಾಲು ಎಷ್ಟೆಂದು ಮೊದಲೇ ಬರೆದಿಡುವುದು ಲೇಸು.

ಈ ಕಾಗದಗಳೆಲ್ಲ ಮರಾಠಿಯಲ್ಲಿರುತ್ತವೆ, ಇಲ್ಲವೆ ಇಂಗ್ಲಿಷಿನಲ್ಲಿ. ಮರಾಠಿ ನಮಗೇನು ಹೊಸದಲ್ಲ. ಮಕ್ಕಳು ಅದರಲ್ಲಿಯೇ ಶಾಲೆ ಕಲಿತಿದ್ದಾರೆ. ದಲಾಲ ಓದಿ ಹೇಳಿದ್ದನ್ನು ಕೇಳಿ ಸಹಿ ಮಾಡಬೇಡಿ. ಮಗಳನ್ನೋ ಮೊಮ್ಮಗನನ್ನೋ ಪಕ್ಕದಲ್ಲಿ ಕೂಡಿಸಿಕೊಂಡು ಸಾಲುಸಾಲಾಗಿ ಓದಿಸಿ, ಕನ್ನಡದಲ್ಲಿ ಅರ್ಥ ಕೇಳಿಕೊಳ್ಳಿರಿ. ಶೇರು ಸರ್ಟಿಫಿಕೇಟಿನ ಬೆನ್ನಿಗೆ ನಿಮ್ಮವರ ಹೆಸರು ಏರಿದ ದಿನ ಆ ಖೋಲಿ ನಿಮ್ಮದಾಯಿತೆಂದು ತಿಳಿಯಿರಿ.