ಹಳೇ ಯೆಜ್ಡಿಗೆ ಯಾವ ಪೆಟ್ರೋಲ್ ಪೈಪ್?

ಮೈಸೂರಲ್ಲಿ ಹುಟ್ಟಿದ ಯೆಜ್ಡಿಯ ಕಾಲದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸೋ ಲೆಕ್ಕವೇ ಇರಲಿಲ್ಲ. ಇವತ್ತಿನ ಇ20ಯಲ್ಲಿ ಅದು ಶೇ. 20ರವರೆಗೂ ಇರುತ್ತೆ. ಹಳೇ ರಬ್ಬರ್ ಅದನ್ನು ಹೀರಿ ಉಬ್ಬುತ್ತೆ, ಆಮೇಲೆ ಬಿರುಕು ಬಿಡುತ್ತೆ. ಅಂಗಡಿಯಲ್ಲಿ ಸುಲಭವಾಗಿ ಸಿಗೋ ಪಾರದರ್ಶಕ ಪಿವಿಸಿ ಪೈಪ್ ನೋಡೋಕೆ ಚೆಂದ. ಆದರೆ ಬರ್ತಾ ಬರ್ತಾ ಕಡ್ಡಿಯಂತೆ ಗಟ್ಟಿಯಾಗಿ ನಿಪ್ಪಲಿಂದ ಜಾರುತ್ತೆ. ಪಕ್ಕದಲ್ಲೇ ಇರೋದು ಬಿಸಿ ಸಿಲಿಂಡರ್! ಸಿಲಿಕೋನ್ ಪೈಪಂತೂ ಬೇಡವೇ ಬೇಡ, ಅದರ ಮೈಯಿಂದಲೇ ಪೆಟ್ರೋಲ್ ಜಿನುಗುತ್ತೆ.

ನಾವು ಆರಿಸೋದು ಮೈಮೇಲೆ ‘ಎಸ್‌ಎಇ ಜೆ30 ಆರ್9’ ಎಂದು ಅಚ್ಚಾಗಿರುವ, ಒಳಪದರಕ್ಕೆ ಫ್ಲೋರೋರಬ್ಬರ್ ಇರುವ ಪೈಪ್. ಇಂಜೆಕ್ಷನ್ ಗಾಡಿಯ ಒತ್ತಡ ಇಲ್ಲಿಲ್ಲ, ಪೆಟ್ರೋಲ್ ಟ್ಯಾಂಕಿಂದ ತಾನಾಗೇ ಇಳಿಯುತ್ತೆ. ನಾವು ದುಡ್ಡು ಕೊಡೋದು ಆ ಒಳಪದರಕ್ಕೆ. ನಿಪ್ಪಲಿನ ಹೊರವ್ಯಾಸವನ್ನು ವರ್ನಿಯರಲ್ಲಿ ಅಳೆದು, ಅಷ್ಟೇ ಒಳವ್ಯಾಸದ್ದು ತನ್ನಿ. ಈ ಪೈಪ್ ಗಡುಸು, ಮಡಚಿಕೊಂಡರೆ ಪೆಟ್ರೋಲ್ ನಿಲ್ಲುತ್ತೆ. ತುಸು ಉದ್ದ ಬಿಟ್ಟೇ ಕತ್ತರಿಸಿ.