ಕಡಲಿಗೆ ಗಾಳ ಎಲ್ಲಿ ಎಸೆಯಬೇಕು?

ನಮ್ಮ ಬಶೀರಾಬಾದ್ ಕಡೆ ಗಾಳ ಹಾಕೋದು ಗೊತ್ತಿಲ್ಲದ ಹುಡುಗರು ಕಡಿಮೆ. ಕಾಗಿಣಾ ದಂಡೆಯಲ್ಲಿ ಕೂತು, ಎರೆಹುಳು ಸಿಕ್ಕಿಸಿ, ಬೆಂಡು ಯಾವಾಗ ಮುಳುಗುತ್ತದೋ ಅಂತ ಕಾಯ್ತೀರಿ. ಆ ಹೊಳೆಯ ನೀರು ಭೀಮೆ ಸೇರಿ, ಕೃಷ್ಣೆ ಸೇರಿ, ಕೊನೆಗೆ ಪೂರ್ವದ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನಾವು ಶಾಲಾ ಪ್ರವಾಸಕ್ಕೆ ಹೋಗೋದು ಮಾತ್ರ ಅದಕ್ಕೆ ಉಲ್ಟಾ, ಪಶ್ಚಿಮಕ್ಕೆ: ಗೋಕರ್ಣ, ಮುರುಡೇಶ್ವರ, ಮಲ್ಪೆ.

ಮಲ್ಪೆಯಲ್ಲಿ ಮೊದಲ ಸಲ ಗಾಳ ಹಿಡಿದಾಗ ನಾನು ನಮ್ಮೂರ ಬುದ್ಧಿಯನ್ನೇ ಓಡಿಸಿದೆ. ಬೆಂಡು ಕಟ್ಟಿ ಎಸೆದೆ. ಎರಡು ಅಲೆ ಬರುವಷ್ಟರಲ್ಲಿ ಬೆಂಡು ನನ್ನ ಕಾಲ ಬಳಿಯೇ ಬಂದು ಬಿತ್ತು! ಪಕ್ಕದಲ್ಲಿ ಗಾಳ ಹಾಕುತ್ತಿದ್ದ ಹಿರಿಯರೊಬ್ಬರು ನಕ್ಕು, "ಮೇಷ್ಟ್ರೇ, ಇದು ಕೆರೆ ಅಲ್ಲ. ಸೀಸ ಕಟ್ಟಿ. ಮತ್ತೆ ಅಲೆ ಬಿಳಿ ಆಗದ ಜಾಗ ನೋಡಿ ಎಸೀರಿ" ಅಂದರು.

ಸೀಸದ ಮಾತು ಸುಲಭ. ಸಮುದ್ರದ ನೀರಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.025 ಗ್ರಾಂ, ಸೀಸದ್ದು 11.3 ಗ್ರಾಂ. ಚಿಕ್ಕ ತುಂಡಾದರೂ ತಳಕ್ಕೆ ಹೋಗಿ ಮರಳಲ್ಲಿ ಕೂರುತ್ತದೆ, ಅಲೆ ಅದನ್ನು ಸುಲಭವಾಗಿ ದಡಕ್ಕೆ ತಳ್ಳಲಾರದು. ಉದ್ದನೆಯ ಕೋಲು ಯಾಕೆ ಅಂದರೆ, ಸನ್ನೆಯ ಪಾಠ ನೆನಪು ಮಾಡಿಕೊಳ್ಳಿ: ನಿಮ್ಮ ಕೈ ಸ್ವಲ್ಪ ತಿರುಗಿದರೆ ಕೋಲಿನ ತುದಿ ಬಹಳ ದೂರ, ಬಹಳ ಬೇಗ ಚಲಿಸುತ್ತದೆ.

ಎರಡನೇ ಮಾತಿನಲ್ಲಿ ಇಡೀ ವಿಜ್ಞಾನವೇ ಇದೆ. ಅಲೆ ದಡದ ಹತ್ತಿರ ಬಂದಂತೆ ಆಳ ಕಡಿಮೆಯಾಗುತ್ತದೆ, ಅಲೆಯ ವೇಗ ತಗ್ಗುತ್ತದೆ, ಎತ್ತರ ಹೆಚ್ಚುತ್ತದೆ. ಕೊನೆಗೆ ಮೇಲ್ಭಾಗ ಮುಂದಕ್ಕೆ ಬಾಗಿ ಒಡೆದು ಬಿಳಿ ನೊರೆಯಾಗುತ್ತದೆ. ಒಂದು ಮೀಟರ್ ಎತ್ತರದ ಅಲೆ ಸುಮಾರು 1.3 ಮೀಟರ್ ಆಳದ ನೀರಲ್ಲಿ ಒಡೆಯುತ್ತದೆ ಅಂತ ಅಂದಾಜು. ಅಂದರೆ ನೊರೆ ಕಂಡಲ್ಲಿ ಕೆಳಗೆ ಮರಳು ದಿಬ್ಬವಿದೆ. ಎರಡು ನೊರೆಯ ನಡುವೆ ಕಪ್ಪಗೆ, ಶಾಂತವಾಗಿ ಒಂದು ಪಟ್ಟಿ ಕಂಡರೆ ಅಲ್ಲಿ ಆಳ ಜಾಸ್ತಿ. ಅಲೆಗಳು ಮರಳು ಕೆದಕಿ ಎಬ್ಬಿಸಿದ ಹುಳು, ಪುಟ್ಟ ಏಡಿ, ಸಿಗಡಿ ಎಲ್ಲ ಆ ತಗ್ಗಿಗೆ ಹರಿದು ಬರುತ್ತವೆ. ಕಾಣೆಯಂಥ ಮೀನಿಗೆ ಅದೇ ಊಟದ ಪಂಕ್ತಿ. ಗಾಳ ಎಸೆಯಬೇಕಾದ್ದು ಅಲ್ಲಿಗೆ.

ಈಗ ನಾನು ಈ ಲೇಖನ ಬರೆಯಲು ಕಾರಣವಾದ ಮಾತಿಗೆ ಬರ್ತೀನಿ. ನಮ್ಮಂಥ ಒಳನಾಡಿನವರು ಕಡಲಿಗೆ ಹೋದಾಗ, "ಅಲ್ಲಿ ಅಲೆ ಜೋರು, ಇಲ್ಲಿ ಶಾಂತ ಇದೆ, ಇಲ್ಲೇ ಇಳಿಯೋಣ" ಅಂತ ಆ ಕಪ್ಪು ಪಟ್ಟಿಯನ್ನೇ ಆರಿಸುತ್ತೇವೆ. ತಪ್ಪಾಗೋದು ಅಲ್ಲೇ. ದಿಬ್ಬದ ಮೇಲಿಂದ ದಡಕ್ಕೆ ನುಗ್ಗಿದ ನೀರು ವಾಪಸ್ ಹೋಗಲೇಬೇಕಲ್ಲ? ಅದು ಹೋಗೋ ದಾರಿ ಈ ತಗ್ಗು. ಇದಕ್ಕೆ ರಿಪ್ ಕರೆಂಟ್ ಅನ್ನುತ್ತಾರೆ. ಸಾಮಾನ್ಯವಾಗಿ ಇದರ ವೇಗ ಸೆಕೆಂಡಿಗೆ ಅರ್ಧ ಮೀಟರಿನಷ್ಟು. ಜೋರಾದಾಗ ಎರಡು ಮೀಟರ್ ದಾಟುತ್ತದೆ. ಒಲಿಂಪಿಕ್ಸ್‌ನಲ್ಲಿ ಈಜುವವರ ವೇಗವೇ ಹತ್ತಿರ ಹತ್ತಿರ ಅಷ್ಟು. ನಾವು ಭಾವಿಯಲ್ಲಿ ಈಜು ಕಲಿತವರು.

2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಶಾಲೆಯ ನಾಲ್ಕು ಜನ ವಿದ್ಯಾರ್ಥಿನಿಯರು ಸಮುದ್ರದಲ್ಲಿ ತೀರಿಕೊಂಡರು. ನಿಮ್ಮದೇ ವಯಸ್ಸಿನವರು. ಅವರ ಊರೂ ನಮ್ಮದರ ಹಾಗೆ ಕಡಲಿಂದ ದೂರ.

ಅಕಸ್ಮಾತ್ ಸೆಳೆತಕ್ಕೆ ಸಿಕ್ಕರೆ ನೇರ ದಡದ ಕಡೆ ಈಜಬೇಡಿ. ಸುಸ್ತಾಗೋದೇ ಪ್ರಾಣ ತೆಗೆಯೋದು. ಸೆಳೆತ ನಿಮ್ಮನ್ನು ತಳಕ್ಕೆ ಎಳೆಯೋದಿಲ್ಲ, ದೂರಕ್ಕೆ ಒಯ್ಯುತ್ತದೆ ಅಷ್ಟೇ. ಬೆನ್ನ ಮೇಲೆ ತೇಲಿ, ಕೈ ಎತ್ತಿ ಕೂಗಿ. ಈಜಲು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ನೊರೆ ಇರುವ ಕಡೆಯಿಂದ ವಾಪಸ್ ಬನ್ನಿ. ಗೆಳೆಯ ಸಿಕ್ಕಿಬಿದ್ದರೆ ನೀವು ಹಾರಬೇಡಿ. ಖಾಲಿ ಕ್ಯಾನ್, ಹಗ್ಗ, ಏನಾದರೂ ತೇಲುವುದನ್ನು ಎಸೆದು ಜೀವರಕ್ಷಕರನ್ನು ಕರೆಯಿರಿ. ಗಾಳ ಹಾಕುವವರೂ ಒದ್ದೆ ಮರಳ ಮೇಲೆ ನಿಂತೇ ಎಸೆಯಬೇಕು. ಎಸೆಯುವ ಮೊದಲು ಹಿಂದೆ ಯಾರಿದ್ದಾರೆ ನೋಡಿ; ಗಾಳಕ್ಕೆ ಮೀನು, ಕಿವಿ ಅಂತ ಭೇದ ಇಲ್ಲ.

ಹೊತ್ತು ಯಾವುದು? ಭರತ ಏರುವಾಗ ನೀರಿನ ಜೊತೆ ಮೀನೂ ದಡದ ಹತ್ತಿರ ಮೇಯಲು ಬರುತ್ತದೆ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಇವತ್ತು ಬೆಳಿಗ್ಗೆ 6 ಗಂಟೆಗೆ ಭರತವಿದ್ದರೆ ನಾಳೆ ಬೆಳಿಗ್ಗೆ ಎಷ್ಟಕ್ಕೆ? ಲೆಕ್ಕ ಹಾಕಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು.

ಕೆಲಸ ಮುಗಿದ ಮೇಲೆ ಗಾಳ, ಕೋಲು, ರೀಲು ಎಲ್ಲವನ್ನೂ ಸಿಹಿನೀರಲ್ಲಿ ತೊಳೆಯಿರಿ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ.

ಮೊನ್ನೆ ಪ್ರವಾಸಕ್ಕೆ ಹೋದಾಗ ಯಾರನ್ನೂ ನೀರಿಗೆ ಬಿಡದೆ ಮೊದಲು ಹತ್ತು ನಿಮಿಷ ಮರಳ ಮೇಲೆ ಕೂರಿಸಿ, "ಕಪ್ಪು ಪಟ್ಟಿ ತೋರಿಸಿ" ಅಂದೆ. ನಾನು ಒಂದನ್ನು ಗುರುತಿಸಿದ್ದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಎರಡವ ನೋಡ್ರಿ" ಅಂದಳು. ಹೌದು, ಬಲಗಡೆ ಬಂಡೆಯ ಪಕ್ಕ ಇನ್ನೊಂದಿತ್ತು.