ಗುಡ್ಡದ ಬಣ್ಣ ರೆಪ್ಪೆಯ ಮೇಲೆ

ಹೊಸಪೇಟೆಯ ಫ್ಯಾನ್ಸಿ ಅಂಗಡಿಯಲ್ಲಿ ಕಂದು ಬಣ್ಣಗಳ ಒಂದು ಐಶ್ಯಾಡೋ ಪ್ಯಾಲೆಟ್ ಕೈಗೆತ್ತಿಕೊಂಡು ಅದರ ಹಿಂಬದಿ ಓದಿ. ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಸಿ.ಐ. 77491, 77492, 77499 ಎಂಬ ಸಂಖ್ಯೆಗಳು ಸಿಗುತ್ತವೆ. ಮೊದಲನೆಯದು ಕೆಂಪು, ಎರಡನೆಯದು ಹಳದಿ, ಮೂರನೆಯದು ಕಪ್ಪು. ಮೂರೂ ಕಬ್ಬಿಣದ ಆಕ್ಸೈಡುಗಳು. ಬಂಡ್ರಿಯಿಂದ ಸಂಡೂರಿನ ಕಡೆ ಬಸ್ಸಿನಲ್ಲಿ ಹೋಗಿಬಂದವರ ತಲೆಗೂದಲಲ್ಲಿ, ಸೆರಗಿನಲ್ಲಿ, ಊಟದ ಡಬ್ಬಿಯ ಮುಚ್ಚಳದ ಮೇಲೆ ಕೂರುವ ದೂಳೂ ಇದೇ ಜಾತಿಯದು. ಬಿಳಿ ಅಂಗಿ ಬಿಳಿಯಾಗಿ ಉಳಿಯದ ಗಣಿ ಸೀಮೆ ನಮ್ಮದು. ಸೋಪು ಹಾಕಿ ತಿಕ್ಕಿ ತೊಳೆದುಕೊಳ್ಳುವ ಆ ಬಣ್ಣವನ್ನೇ ಈಗ ಮದುವೆ ಸೀಸನ್‌ನಲ್ಲಿ ಪಾರ್ಲರಿಗೆ ದುಡ್ಡು ಕೊಟ್ಟು ಕಣ್ಣಿಗೆ ಹಚ್ಚಿಸಿಕೊಳ್ಳುತ್ತೇವೆ.

ಪಾರ್ಲರಿನವರು ಇದಕ್ಕೆ ನ್ಯೂಟ್ರಲ್ ಶೇಡ್ ಅನ್ನುತ್ತಾರೆ, ನ್ಯೂಡ್ ಮೇಕಪ್ ಅನ್ನುತ್ತಾರೆ. ಗಿರಾಕಿಗಳು ಕೇಳುವುದು ಮಾತ್ರ ‘ಲೈಟಾಗಿ ಮಾಡ್ರಿ ಅಕ್ಕಾ’ ಅಂತ. ನೀಲಿ, ಹಸಿರು, ಗುಲಾಬಿಯ ಗೊಡವೆಗೆ ಹೋಗದೆ ಮಣ್ಣು, ಇಟ್ಟಿಗೆ, ಕಾಫಿಪುಡಿ, ತಾಮ್ರ ಇಷ್ಟರ ಒಳಗೇ ಕಣ್ಣನ್ನು ತಿದ್ದುವ ಕೆಲಸ ಅದು. ನೋಡಲು ಸುಲಭ, ಮಾಡಲು ಅಷ್ಟು ಸುಲಭವಲ್ಲ.

ಮೊದಲು ಆ ಬಣ್ಣದ ಮಾತು. ದೋಣಿಮಲೈ, ರಾಮನದುರ್ಗ, ಕುಮಾರಸ್ವಾಮಿ ಬೆಟ್ಟದ ಸಾಲುಗಳೆಲ್ಲ ಕಬ್ಬಿಣದ ಅದಿರಿನವು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ಬರೆದ ದೊಡ್ಡ ವರದಿ 1895ರಲ್ಲಿ ಅಚ್ಚಾಯಿತು. ಸರ್ಕಾರಿ ಗಣಿ ಕಂಪನಿ ಎನ್‌ಎಂಡಿಸಿ ದೋಣಿಮಲೈಯಲ್ಲಿ ಗಣಿ ಶುರು ಮಾಡಿದ್ದು 1977ರಲ್ಲಿ. ಆಮೇಲಿನ ಅದಿರು ಲಾರಿಗಳ ಕಾಲ, 2011ರಲ್ಲಿ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು, ಮತ್ತೆ ಮಿತಿಯೊಳಗೆ ಶುರುವಾಗಿದ್ದು ಓದುಗರಿಗೆ ಗೊತ್ತಿರುವ ಕಥೆ. ಗೊತ್ತಿಲ್ಲದ ಸಣ್ಣ ಸಂಗತಿಯೊಂದಿದೆ. ಇಲ್ಲಿನ ಗಟ್ಟಿ ಅದಿರಿನ ತುಂಡು ನೋಡಲು ಉಕ್ಕಿನಂತೆ ಬೂದು ಬಣ್ಣಕ್ಕಿರುತ್ತದೆ. ಅದನ್ನು ನೆಲದ ಟೈಲ್ಸಿನ ಹೊಳಪಿಲ್ಲದ ಹಿಂಬದಿಗೆ ಒತ್ತಿ ಗೀರಿದರೆ ಬೀಳುವ ಗೆರೆ ಕೆಂಪು. ಕಲ್ಲು ಒಂದೇ, ಪುಡಿ ನುಣ್ಣಗಾದಷ್ಟೂ ಕೆಂಪು ಹೊರಗೆ ಬರುತ್ತದೆ. ಹಳದಿ ಮಣ್ಣನ್ನು ಬೆಂಕಿಗೆ ಹಾಕಿದರೆ ಅದರೊಳಗಿನ ನೀರಿನಂಶ ಹೋಗಿ ಅದೂ ಕೆಂಪಾಗುತ್ತದೆ. ಕೆಂಪು, ಹಳದಿ, ಕಪ್ಪು ಈ ಮೂರನ್ನು ಹೆಚ್ಚು ಕಡಿಮೆ ಮಾಡಿ ಬೆರೆಸಿದರೆ ಪ್ಯಾಲೆಟ್ಟಿನಲ್ಲಿ ಕಾಣುವ ಅಷ್ಟೂ ಕಂದುಗಳು ಸಿದ್ಧ. ತಿಳಿ ಮಾಡಲು ಟೈಟಾನಿಯಂ ಡೈಆಕ್ಸೈಡ್, ಮಿಂಚಲು ಅಭ್ರಕ, ಅಂದರೆ ನಮ್ಮ ಕಾಗೆಬಂಗಾರ.

ಹಾಗೆಂದು ಗುಡ್ಡದ ಮಣ್ಣನ್ನು ಜರಡಿ ಹಿಡಿದು ಕಣ್ಣಿಗೆ ಹಚ್ಚಲು ಹೊರಡಬೇಡಿ. ಅದಿರಿನ ಜತೆ ಮರಳು ಬರುತ್ತದೆ, ಬೇರೆ ಲೋಹಗಳೂ ಬರುತ್ತವೆ. ಸೌಂದರ್ಯ ಸಾಧನಗಳಿಗೆ ಬಳಸುವ ಕಬ್ಬಿಣದ ಬಣ್ಣವನ್ನು ಕಾರ್ಖಾನೆಯಲ್ಲಿ ಕಬ್ಬಿಣದ ಲವಣಗಳಿಂದ ಶುದ್ಧವಾಗಿ ತಯಾರಿಸುತ್ತಾರೆ. ಕುಲ ಒಂದೇ, ಮನೆ ಬೇರೆ.

ಕೆಮ್ಮಣ್ಣು ನಮಗೆ ಹೊಸದೂ ಅಲ್ಲ. ಜಗಲಿ, ಕಟ್ಟೆ, ತುಳಸಿ ಗುಡಿಗೆ ಸುಣ್ಣದ ಪಕ್ಕ ಜಾಜಿನ ಪಟ್ಟೆ ಎಳೆದವರು ನಾವು. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ತಲೆ ಎತ್ತಿ ನೋಡಿದರೆ ಗಿರಿಜಾ ಕಲ್ಯಾಣ, ಮತ್ಸ್ಯಯಂತ್ರ, ವಿದ್ಯಾರಣ್ಯರ ಮೆರವಣಿಗೆ ಎಲ್ಲವೂ ಕೆಂಗಂದಿನ ನಡುವೆ ಕಾಣುತ್ತವೆ. ಆದರೆ ಅಲ್ಲಿನ ಹೆಣ್ಣುಗಳ ಕಣ್ಣನ್ನು ಗಮನಿಸಿ. ಬಣ್ಣವೆಲ್ಲ ಸೀರೆಗೆ, ಮೈಗೆ, ಹಿನ್ನೆಲೆಗೆ ಹೋಗಿದೆ. ಕಣ್ಣಿಗೆ ಸಿಕ್ಕಿರುವುದು ಕಪ್ಪು ಗೆರೆ ಮಾತ್ರ. ನಮ್ಮ ಕಡೆಯ ಕಣ್ಣಿನ ಅಲಂಕಾರವೆಲ್ಲ ಗೆರೆಯದು. ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ಕಟ್ಟಿದ ಮಸಿಯನ್ನು ಕೆರೆದು, ತುಪ್ಪದಲ್ಲಿ ಕಲಸಿದ ಕಾಡಿಗೆಯನ್ನು ಅಜ್ಜಿ ಬೆರಳ ತುದಿಯಿಂದ ಎಳೆಯುತ್ತಿದ್ದಳಲ್ಲ, ಅದೂ ಗೆರೆಯೇ. ‘ಶರಪಂಜರ’ ಸಿನಿಮಾದ ಕಾಲದ ನಟಿ ಕಲ್ಪನಾ ಅವರ ಕಣ್ಣುಗಳನ್ನು ನೆನೆಸಿಕೊಳ್ಳಿ, ಮೊದಲು ಮನಸ್ಸಿಗೆ ಬರುವುದು ಆ ದಪ್ಪ ಗೆರೆ. ರೆಪ್ಪೆಯ ಮೇಲೆ ನೆರಳು ಹರಡುವುದು ಆಮೇಲೆ ಬಂದ ರೂಢಿ.

ರೆಪ್ಪೆಗೆ ಬಣ್ಣ ತುಂಬಿದವರು ಮಾತ್ರ ಬಯಲಾಟದವರು. ಬಳ್ಳಾರಿ ಸೀಮೆಯ ದೊಡ್ಡಾಟದಲ್ಲಿ ಜನ ಬಯಲಿನಲ್ಲಿ ಕೂತು ರಾತ್ರಿಯಿಡೀ ನೋಡುತ್ತಿದ್ದರು. ಗ್ಯಾಸ್‌ಲೈಟಿನ ಬೆಳಕಿನಲ್ಲಿ, ಕೊನೆಯ ಸಾಲಿನ ಮುದುಕನಿಗೂ ರಾಕ್ಷಸನ ಕಣ್ಣು ಕಾಣಬೇಕಿತ್ತು. ಅದಕ್ಕೆ ಅರದಾಳದ ಹಳದಿ, ಇಂಗಳೀಕದ ಕೆಂಪು, ಸಫೇದದ ಬಿಳಿ, ಕಿವಿಯತ್ತ ಎಳೆದ ಕಾಡಿಗೆ. ಹೊಸಪೇಟೆ ಪಕ್ಕದ ಮರಿಯಮ್ಮನಹಳ್ಳಿ ಇವತ್ತಿಗೂ ರಂಗಭೂಮಿಯವರ ಊರು. ಪದ್ಮಶ್ರೀ ಪುರಸ್ಕೃತ ಕಲಾವಿದೆ ಮಂಜಮ್ಮ ಜೋಗತಿ ನೆಲೆಸಿರುವುದೂ ಅಲ್ಲಿಯೇ. ಬಣ್ಣ ಕಟ್ಟುವುದು ಅಂಥ ಊರುಗಳಲ್ಲಿ ಮನೆಮಾತು. ಆ ಹಳೆಯ ಡಬ್ಬಿಯಲ್ಲಿದ್ದದ್ದೇನು ಎಂದು ಕೇಳಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ. ಅರದಾಳ ಆರ್ಸೆನಿಕ್‌ನ ಸಲ್ಫೈಡು, ಇಂಗಳೀಕ ಪಾದರಸದ ಸಲ್ಫೈಡು. ಕಣ್ಣಿಗೆ ಹಚ್ಚುವ ಹಳೆಯ ಸುರ್ಮಾಗಳಲ್ಲಿ ಸೀಸದ ಅದಿರು ಇರುತ್ತಿತ್ತು. ಈಗಿನ ಕಾನೂನಿನ ಪ್ರಕಾರ ಸೌಂದರ್ಯ ಸಾಧನಗಳ ಬಣ್ಣದಲ್ಲಿ ಆರ್ಸೆನಿಕ್ ದಶಲಕ್ಷಕ್ಕೆ 2 ಭಾಗ, ಸೀಸ 20 ಭಾಗ ಮೀರುವಂತಿಲ್ಲ. ಪಾದರಸಕ್ಕೂ ಬಿಗಿ ಕಟ್ಟುಪಾಡಿದೆ. ಆ ಹಳೆಯ ಲೋಹಗಳೆಲ್ಲ ಹೊರಗೆ ಹೋದ ಮೇಲೆ ಕಣ್ಣಿನ ಹತ್ತಿರ ನೆಚ್ಚಿಕೆಯಿಂದ ಉಳಿದುಕೊಂಡದ್ದು ಕಬ್ಬಿಣ.

ದೊಡ್ಡಾಟದ ಬಣ್ಣ ಐವತ್ತು ಮಾರು ದೂರದಿಂದ ನೋಡುವ ಕಣ್ಣಿಗೆ ಕಟ್ಟಿದ್ದು. ಮದುವೆಮನೆಯಲ್ಲಿ ಮದುಮಗಳನ್ನು ನೋಡುವ ದೂರ ಒಂದು ಮೊಳ. ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುವ ಚಿಕ್ಕಮ್ಮನ ಮೊಬೈಲ್ ಇನ್ನೂ ಹತ್ತಿರ. ಆ ಹತ್ತಿರಕ್ಕೆ ನೀಲಿ ಹಸಿರು ಕಿರುಚುತ್ತವೆ, ಕಂದು ಮಾತಾಡುತ್ತದೆ. ಅದರ ಮೇಲೆ ನಮ್ಮ ಬಟ್ಟೆಗಳೇನು ಸುಮ್ಮನಿರುವಂಥವಲ್ಲ. ಇಳಕಲ್ ಸೀರೆಯ ಟೋಪಿ ಸೆರಗು, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಸಂಡೂರು ಲಂಬಾಣಿ ಕಸೂತಿಯ ಕನ್ನಡಿ, ಕವಡೆ, ಕೆಂಪು ದಾರ ಇಷ್ಟಿರುವಾಗ ಕಣ್ಣೂ ಅವುಗಳ ಜತೆ ಪೈಪೋಟಿಗೆ ಇಳಿದರೆ ನೋಡುವವರಿಗೆ ಎಲ್ಲಿ ನೋಡಬೇಕೆಂದೇ ತಿಳಿಯುವುದಿಲ್ಲ.

ಈ ಕಂದು ಹುಚ್ಚು ಜಗತ್ತಿಗೆಲ್ಲ ಹತ್ತಿದ್ದು ಈಚೆಗೆ. ಅಮೆರಿಕದ ಅರ್ಬನ್ ಡಿಕೇ ಕಂಪನಿ 2010ರಲ್ಲಿ ‘ನೇಕೆಡ್’ ಎಂಬ 12 ಬಣ್ಣಗಳ ಪ್ಯಾಲೆಟ್ ತಂದಿತು, 2018ರಲ್ಲಿ ನಿಲ್ಲಿಸಿತು. ಅಷ್ಟರಲ್ಲಿ ಅದರ ನಕಲುಗಳು ನಮ್ಮ ಸಂತೆ ಬೀದಿಯವರೆಗೂ ಬಂದಿದ್ದವು. ತೊಡಕು ಶುರುವಾಗುವುದು ಇಲ್ಲೇ. ನ್ಯೂಟ್ರಲ್ ಅಂದರೆ ಯಾರ ಮೈಬಣ್ಣಕ್ಕೆ ನ್ಯೂಟ್ರಲ್? ಬಿಳಿ ಚರ್ಮದ ಮೇಲೆ ಮೈಗೆ ಮೈಯಾಗಿ ಕೂರುವ ತಿಳಿ ಬೀಜ್ ನಮ್ಮ ಗೋಧಿ, ಎಣ್ಣೆಗೆಂಪು, ಕಪ್ಪು ಮೈಬಣ್ಣಗಳ ಮೇಲೆ ಬೂದಿ ಬಳಿದಂತೆ ಕಾಣುತ್ತದೆ. ಅದಕ್ಕೆ ಬೆರೆಸಿದ ಬಿಳಿಯ ಕೆಲಸ ಅದು. ಬಂಡ್ರಿಯಂಥ ಊರಿನ ಹುಡುಗಿಗೆ ನ್ಯೂಟ್ರಲ್ ಅಂದರೆ ಇಟ್ಟಿಗೆ, ಹುಣಸೆಹಣ್ಣು, ಸುಟ್ಟ ಬೆಲ್ಲ, ತಾಮ್ರ. ಪ್ಯಾಲೆಟ್ ಕೊಳ್ಳುವಾಗ ಬೆರಳಿಗಲ್ಲ, ಮುಂಗೈಗೂ ಅಲ್ಲ, ಆದಷ್ಟು ಕತ್ತಿನ ಬದಿಗೆ ಸವರಿ ಅಂಗಡಿಯ ಹೊರಗೆ ಬಂದು ಬಿಸಿಲಿನಲ್ಲಿ ನೋಡಬೇಕು. ಅಂಗಡಿಯ ಟ್ಯೂಬ್‌ಲೈಟನ್ನು ನಂಬಿ ಕೊಂಡದ್ದು ಮನೆಗೆ ಬರುವಷ್ಟರಲ್ಲಿ ಬೇರೆಯದೇ ಬಣ್ಣವಾಗಿರುತ್ತದೆ.

ಇನ್ನೊಂದು ತಕರಾರು ನನ್ನದು. ನಮ್ಮಲ್ಲಿ ಬಹಳ ಜನರ ರೆಪ್ಪೆ ಕೆನ್ನೆಗಿಂತ ತುಸು ಕಪ್ಪಗಿರುತ್ತದೆ. ಪಾರ್ಲರುಗಳಲ್ಲಿ ಮೊದಲು ಅದನ್ನು ತಿಳಿ ಕನ್ಸೀಲರಿನಲ್ಲಿ ಅಳಿಸಿ, ಆಮೇಲೆ ಅದೇ ಜಾಗಕ್ಕೆ ಕಂದು ಹಚ್ಚಿ ಕಪ್ಪು ಮಾಡುತ್ತಾರೆ. ದೇವರು ಪುಕ್ಕಟೆ ಕೊಟ್ಟ ಮೊದಲ ಶೇಡನ್ನು ಒರೆಸಿ ಹಾಕಿ ದುಡ್ಡು ಕೊಟ್ಟು ಮತ್ತೆ ತರಿಸಿಕೊಂಡ ಹಾಗೆ. ರೆಪ್ಪೆ ತೀರ ನೀಲಿಗಪ್ಪಾಗಿದ್ದರೆ ಕಿತ್ತಳೆ ಛಾಯೆಯ ಕರೆಕ್ಟರನ್ನು ತೆಳ್ಳಗೆ ಒತ್ತಿದರೆ ಸಾಕು. ಇಲ್ಲದಿದ್ದರೆ ಆ ಕಪ್ಪನ್ನು ಅಲ್ಲೇ ಬಿಟ್ಟು ಅದರ ಮೇಲೆ ಕಟ್ಟುವುದೇ ಜಾಣತನ.

ಕಟ್ಟುವುದು ಹೇಗೆ? ಹನ್ನೆರಡು ಬಣ್ಣ ಬೇಕಿಲ್ಲ, ಮೂರು ಸಾಕು. ಮೈಬಣ್ಣಕ್ಕಿಂತ ಒಂದು ಪಟ್ಟು ಗಾಢವಾದದ್ದು, ಹುರಿದ ಕಾಫಿಬೀಜದಷ್ಟು ಗಾಢವಾದದ್ದು, ಮಿಂಚುವ ತಾಮ್ರ. ತಿಳಿಯಾದದ್ದು ಮುಂದೆ ಬರುತ್ತದೆ, ಗಾಢವಾದದ್ದು ಹಿಂದೆ ಸರಿಯುತ್ತದೆ, ಇಡೀ ಕಸುಬು ನಿಂತಿರುವುದು ಇಷ್ಟರ ಮೇಲೆ. ನಮ್ಮ ಬೀದಿಯ ಹುಡುಗಿಯೊಬ್ಬಳ ನಿಶ್ಚಿತಾರ್ಥಕ್ಕೆ ಕೂತು ಮಾಡಿದ್ದನ್ನೇ ಹೇಳುತ್ತೇನೆ. ಅವಳದು ಸ್ವಲ್ಪ ಮುಚ್ಚಿದ ರೆಪ್ಪೆ, ಕಣ್ಣು ತೆರೆದರೆ ಮಡಿಕೆ ಒಳಗೆ ಸೇರಿಕೊಳ್ಳುತ್ತದೆ. ಇಂಥ ಕಣ್ಣನ್ನು ಮುಚ್ಚಿಸಿ ಹಚ್ಚಿದರೆ ತೆರೆದಾಗ ಎಲ್ಲ ಮಾಯ. ಹಾಗಾಗಿ ನೇರ ಕನ್ನಡಿ ನೋಡು ಅಂದೆ. ಮಡಿಕೆಗಿಂತ ಅಕ್ಕಿಕಾಳಿನಷ್ಟು ಮೇಲೆ, ಕಣ್ಣು ತೆರೆದಿರುವಾಗಲೇ, ಗುರುತು ಮಾಡಿಕೊಂಡೆ. ಜೊಂಪೆ ಕೂದಲಿನ ಬ್ರಷ್ಷನ್ನು ಮೊದಲ ಕಂದಿಗೆ ಮುಟ್ಟಿಸಿ, ಹಿಡಿಕೆಯನ್ನು ಮಣಿಕಟ್ಟಿಗೆ ತಟ್ಟಿ ಹೆಚ್ಚಿನ ಪುಡಿ ಉದುರಿಸಿ, ಹಿಡಿಕೆಯ ತುದಿಯನ್ನು ಸಡಿಲವಾಗಿ ಹಿಡಿದೆ. ಬುಡದ ಹತ್ತಿರ ಹಿಡಿದರೆ ಕೈ ಒತ್ತುತ್ತದೆ, ಪಟ್ಟೆ ಬೀಳುತ್ತದೆ. ಹೊರ ಮೂಲೆಯಿಂದ ಮೂಗಿನ ಕಡೆಗೆ, ಮತ್ತೆ ವಾಪಸು, ಹೀಗೆ ಆಡಿಸುತ್ತ ಹೋದರೆ ಬಣ್ಣಕ್ಕೆ ಅಂಚು ಉಳಿಯುವುದಿಲ್ಲ. ಅಂಚು ಕಾಣದಿರುವುದೇ ಇಲ್ಲಿ ಕೈಚಳಕ.

ಆಮೇಲೆ ಸಣ್ಣ ಬ್ರಷ್ಷಿನಲ್ಲಿ ಕಾಫಿ ಬಣ್ಣ. ಹೊರಗಿನ ಮೂಲೆಗೆ ಮಾತ್ರ, ರೆಪ್ಪೆಗೂದಲಿನ ಬುಡದಿಂದ ಮೇಲಕ್ಕೆ, ರೆಪ್ಪೆಯ ಮೂರನೇ ಒಂದು ಭಾಗ ದಾಟದಂತೆ. ಅದರ ಅಂಚನ್ನು ಮೊದಲಿನ ಖಾಲಿ ಬ್ರಷ್ಷಿನಲ್ಲೇ ಕರಗಿಸಬೇಕು, ಹೊಸದಾಗಿ ಪುಡಿ ತೆಗೆದುಕೊಳ್ಳಬಾರದು. ತಾಮ್ರಕ್ಕೆ ಬ್ರಷ್ ಬೇಡ, ಉಂಗುರ ಬೆರಳು ಬೇಕು. ಬೆರಳಿನ ಬಿಸಿಗೆ ಅದು ಚೆನ್ನಾಗಿ ಹತ್ತುತ್ತದೆ. ರೆಪ್ಪೆಯ ನಟ್ಟನಡುವೆ ಒತ್ತಿ ಬಿಟ್ಟರೆ ಕಣ್ಣು ಮಿಟುಕಿಸಿದಾಗಲೆಲ್ಲ ಬೆಳಕು ಹಿಡಿಯುತ್ತದೆ. ಕೆಳಗಿನ ರೆಪ್ಪೆಗೂದಲಿನ ಬುಡಕ್ಕೆ ಮೊದಲ ಕಂದಿನ ಒಂದೇ ಎಳೆ. ಹುಡುಗಿ ಕನ್ನಡಿ ನೋಡಿ ‘ಹಚ್ಚಿದ್ದೇ ಕಾಣಂಗಿಲ್ಲಲ್ಲಕ್ಕಾ’ ಅಂದಳು. ಅವಳ ಅಮ್ಮ ಮಾತ್ರ ‘ರಾತ್ರಿ ಚೆನ್ನಾಗಿ ನಿದ್ದಿ ಮಾಡಿದಂಗ ಕಾಣ್ತಿ’ ಅಂದರು. ಕೊನೆಗೆ ಇಬ್ಬರ ಸಮಾಧಾನಕ್ಕೆ ಕಾಡಿಗೆಯನ್ನೂ ಎಳೆದೆ. ಕಪ್ಪಿಲ್ಲದ ಕಣ್ಣನ್ನು ನಮ್ಮ ಕಡೆ ಹಿರಿಯರು ಒಪ್ಪುವುದು ಕಷ್ಟ, ನನಗೂ ಪೂರ್ತಿ ಒಪ್ಪಿಗೆಯಿಲ್ಲ.

ವಯಸ್ಸಾದವರಿಗೆ ಮಿಂಚು ಬೇಡ, ಸುಕ್ಕನ್ನು ಅದು ಎತ್ತಿ ತೋರಿಸುತ್ತದೆ. ಮೈನಸ್ ಕನ್ನಡಕದವರ ಕಣ್ಣು ಗಾಜಿನ ಹಿಂದೆ ಚಿಕ್ಕದಾಗಿ ಕಾಣುವುದರಿಂದ ಗಾಢ ಬಣ್ಣವನ್ನು ಇನ್ನೊಂದು ಕೈ ಹೆಚ್ಚು ಮಾಡಬಹುದು. ಪ್ಲಸ್ ಕನ್ನಡಕಕ್ಕೆ ಇದು ತಿರುಗುಮುರುಗು. ಸೂರ್ಯ ಏರಿದ ಮೇಲಿನ ಮುಹೂರ್ತಕ್ಕೆ ಕಿಟಕಿಯ ಬೆಳಕಿನಲ್ಲಿ ಹಚ್ಚಬೇಕು. ಆರತಕ್ಷತೆಯ ಬಿಳಿ ಎಲ್‌ಇಡಿ ದೀಪಗಳು ಕಂದನ್ನು ನುಂಗಿಬಿಡುತ್ತವೆ, ಅಲ್ಲಿಗೆ ಒಂದು ಪಟ್ಟು ಜಾಸ್ತಿ ಇರಲಿ.

ಇನ್ನು ನಮ್ಮ ಬೇಸಿಗೆ. ಬಳ್ಳಾರಿ ಸೀಮೆಯಲ್ಲಿ ಏಪ್ರಿಲ್, ಮೇ ಅಂದರೆ 40 ಡಿಗ್ರಿ ದಾಟುವುದು ಮಾಮೂಲು. ಮದುವೆಗಳೂ ಆಗಲೇ. ಬೆವರಿಗೆ ಶ್ಯಾಡೋ ಮಡಿಕೆಯಲ್ಲಿ ಸೇರಿ ಗೆರೆಗಟ್ಟುತ್ತದೆ. ಕ್ರೀಮ್ ಹಚ್ಚಿದ ರೆಪ್ಪೆಯ ಮೇಲೆ ನೇರವಾಗಿ ಬಣ್ಣ ಇಡಬಾರದು. ಮೊದಲು ಪ್ರೈಮರಿನ ತೆಳು ಪದರ, ಅದು ಆರಿದ ಮೇಲೆ ಚಿಟಿಕೆ ಪೌಡರ್, ಆಮೇಲೆ ಬಣ್ಣ. ಬೆವರು ಬಂದರೆ ಒರೆಸದೆ ಟಿಶ್ಯೂವಿನಿಂದ ಒತ್ತಿ ತೆಗೆಯಬೇಕು. ಧಾರೆಯ ಹೊತ್ತಿಗೆ ಅಳುವವರಿಗೆ ವಾಟರ್‌ಪ್ರೂಫ್ ಮಸ್ಕಾರಾ ಕಡ್ಡಾಯ, ಶ್ಯಾಡೋ ಹೇಗೋ ತಡೆದುಕೊಳ್ಳುತ್ತದೆ.

ಮದುವೆಮನೆಗಳಲ್ಲಿ ನನಗೆ ಸಿಟ್ಟು ಬರಿಸುವುದು ಬಣ್ಣವಲ್ಲ, ಬ್ರಷ್ಷು. ಮದುಮಗಳಿಗೆ ಹಚ್ಚಿದ ಬ್ರಷ್ಷಿನಲ್ಲೇ ಅಕ್ಕ, ಅತ್ತಿಗೆ, ಮೂರು ಜನ ದೊಡ್ಡಪ್ಪನ ಮಕ್ಕಳು ಎಲ್ಲರೂ ಕಣ್ಣು ತಿದ್ದಿಕೊಳ್ಳುತ್ತಾರೆ. ಒಬ್ಬರಿಗೆ ಮದ್ರಾಸ್ ಐ ಇದ್ದರೂ ಬೀಗರ ಊಟದ ಹೊತ್ತಿಗೆ ಎರಡೂ ಕಡೆಯವರ ಕಣ್ಣು ಕೆಂಪು. ಎರಡು ಬ್ರಷ್ ಸ್ವಂತಕ್ಕೆ ಇಟ್ಟುಕೊಂಡು, ಶಾಂಪೂ ನೀರಿನಲ್ಲಿ ತೊಳೆದು, ಕೂದಲು ಕೆಳಮುಖವಾಗಿರುವಂತೆ ಒಣಗಿಸಿ. ಮಸ್ಕಾರಾವನ್ನು ಮೂರು ತಿಂಗಳಿಗೆ ಎಸೆಯಿರಿ. ರಾತ್ರಿ ಎಷ್ಟೇ ಸುಸ್ತಾಗಿರಲಿ, ಹತ್ತಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ರೆಪ್ಪೆಯ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಇಟ್ಟು, ಉಜ್ಜದೆ ಕೆಳಕ್ಕೆ ಜಾರಿಸಿ ತೆಗೆದು, ಮುಖ ತೊಳೆದು ಮಲಗಿ. ಬ್ರಷ್ ಕೇಳಲು ಬರುವ ಅತ್ತಿಗೆಗೆ ಒಂದು ಹೊಸದನ್ನೇ ಕೊಡಿಸಿಬಿಡಿ, ಕಣ್ಣಿನ ಡಾಕ್ಟರರ ಫೀಸಿಗಿಂತ ಅದು ಅಗ್ಗ.